ಗದ್ಯದಲ್ಲಿ ಬೆತ್, ಪದ್ಯದಲ್ಲಿ ಇಸೊಬೆಲ್: ಪದ್ಯಮಿಶ್ರಿತ ಕಿಶೋರ ಕಾದಂಬರಿಯೊಂದರ ಓದು ಮತ್ತು ಬೋಧನೆ

ಪ್ರೌಢಶಾಲಾ ವಯಸ್ಸಿನ ಓದುಗರಿಗೆಂದು ಬರೆಯಲಾದ ಇಂದಿನ ಇಂಗ್ಲಿಷ್ ಕಾದಂಬರಿಗಳನ್ನು ತೆರೆದು ನೋಡುವ ಕನ್ನಡ ಶಿಕ್ಷಕರಿಗೆ ಕೆಲವು ಪುಸ್ತಕಗಳಲ್ಲಿ ಒಂದು ಸೋಜಿಗ ಎದುರಾಗುತ್ತದೆ. ಕೆಲವು ಪುಟಗಳವರೆಗೆ ಗದ್ಯವು ಎಂದಿನಂತೆ ಅಂಚಿನಿಂದ ಅಂಚಿಗೆ ಹರಿದಿರುತ್ತದೆ. ಅನಂತರ ಪುಟ ಮಗುಚಿದರೆ ಸಾಲುಗಳು ಗಿಡ್ಡವಾಗಿ, ಎಡಭಾಗಕ್ಕೆ ಸರಿದು, ಬಲಭಾಗವೆಲ್ಲ ಬಿಳಿಯಾಗಿ ಉಳಿದಿರುತ್ತದೆ. ಕಥೆ ನಿಂತಿಲ್ಲ, ಪದ್ಯವಾಗಿ ಮುಂದುವರಿದಿದೆ. ಇದು ಹೊಸ ಕಾಲದ ಪ್ರಯೋಗವೆಂದು ಅಲ್ಲಿನ ವಿಮರ್ಶಕರು ಹೇಳುವುದುಂಟು. ಆದರೆ ಕ್ರಿ.ಶ. 941ರ ಸುಮಾರಿಗೆ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದ ಪಂಪನ ಭಾಷೆಯನ್ನು ಕಲಿಸುವ ನಮಗೆ ಗದ್ಯಪದ್ಯಗಳನ್ನು ಹೆಣೆದು ಕಥೆ ಹೇಳುವುದು ಹೊಸತೇನಲ್ಲ. ಚಂಪುವಿನ ನಾಡಿನವರು ನಾವು. ಕಾಸರಗೋಡಿನ ಶಿಕ್ಷಕರಿಗಂತೂ ಪಾರ್ತಿಸುಬ್ಬನ ಕುಂಬಳೆ ಹತ್ತಿರದ ಊರೇ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಯು ಗದ್ಯದಲ್ಲಿ ಅರ್ಥ ಹೇಳುವ ತಾಳಮದ್ದಳೆಯನ್ನು ಅವರು ಚಿಕ್ಕಂದಿನಿಂದ ಕೇಳಿದವರು. ಆದುದರಿಂದ ಇಂಥ ಪುಸ್ತಕವನ್ನು ನಾವು ಅಪರಿಚಿತರಂತೆ ಓದಬೇಕಾಗಿಲ್ಲ.

ಈ ಲೇಖನದಲ್ಲಿ ಅಂಥ ಒಂದೇ ಒಂದು ಕಾದಂಬರಿಯನ್ನು ಎತ್ತಿಕೊಂಡು, ಅದರಲ್ಲಿ ಪದ್ಯವು ಮಾಡುವ ಕೆಲಸವೇನು, ಆ ಕೆಲಸವನ್ನು ಅರಿತ ಶಿಕ್ಷಕನಿಗೆ ತನ್ನ ತರಗತಿಯಲ್ಲಿ ಏನು ಪ್ರಯೋಜನ ಎಂಬುದನ್ನು ವಿವರಿಸಲು ಯತ್ನಿಸಿದ್ದೇನೆ. ಕಾದಂಬರಿಯ ಹೆಸರು ‘ಕ್ಯಾಚಿಂಗ್ ಟೆಲ್ಲರ್ ಕ್ರೋ’. ಆಸ್ಟ್ರೇಲಿಯದಲ್ಲಿ 2018ರಲ್ಲಿ ಪ್ರಕಟವಾಯಿತು. ಮರುವರ್ಷ ಅಮೆರಿಕದಲ್ಲಿ ‘ದ ಥಿಂಗ್ಸ್ ಶೀಸ್ ಸೀನ್’ ಎಂಬ ಬೇರೆ ಹೆಸರಿನಿಂದ ಹೊರಬಂದಿತು. ಹುಡುಕುವವರು ಎರಡೂ ಹೆಸರುಗಳನ್ನು ನೆನಪಿಡಬೇಕು. ಬರೆದವರು ಅಂಬೆಲಿನ್ ಕ್ವೇಮುಲ್ಲಿನಾ ಮತ್ತು ಎಝೆಕೀಲ್ ಕ್ವೇಮುಲ್ಲಿನಾ ಎಂಬ ಅಕ್ಕತಮ್ಮಂದಿರು. ಇವರು ಪಶ್ಚಿಮ ಆಸ್ಟ್ರೇಲಿಯದ ಪಿಲ್ಬರಾ ಪ್ರದೇಶದ ಪಾಲ್ಯಕು ಎಂಬ ಮೂಲನಿವಾಸಿ ಜನಾಂಗಕ್ಕೆ ಸೇರಿದವರು.

ಕೆಟ್ಟ ನಾಡು ಎಲ್ಲಿದೆ?

‘ಡಿಸ್ಟೋಪಿಯಾ’ ಎಂಬ ಮಾತನ್ನು ಮೊದಲು ಬಿಡಿಸಿಕೊಳ್ಳೋಣ. ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯಾ’ ಎಂಬ ಆದರ್ಶ ದ್ವೀಪವೊಂದನ್ನು ಕಲ್ಪಿಸಿದನು. ಅದಕ್ಕೆ ವಿರುದ್ಧವಾದ, ಎಲ್ಲವೂ ಕ್ರಮಬದ್ಧವಾಗಿ ಕೆಟ್ಟಿರುವ ನಾಡೇ ಡಿಸ್ಟೋಪಿಯಾ. ‘ಕ್ರಮಬದ್ಧವಾಗಿ’ ಎಂಬ ಮಾತು ಇಲ್ಲಿ ಮುಖ್ಯ. ಬರಗಾಲ, ಭೂಕಂಪಗಳಿಂದ ಹಾಳಾದ ನಾಡು ಡಿಸ್ಟೋಪಿಯಾ ಆಗುವುದಿಲ್ಲ. ಆಳುವವರು, ಅಧಿಕಾರಿಗಳು, ವೈದ್ಯರು, ಶಿಕ್ಷಕರು ಎಲ್ಲರೂ ತಮ್ಮ ತಮ್ಮ ಕರ್ತವ್ಯವನ್ನು ಚೊಕ್ಕವಾಗಿ ಮಾಡುತ್ತಿರುವಾಗಲೇ ಮನುಷ್ಯತ್ವ ಇಲ್ಲವಾಗುತ್ತ ಹೋಗುವ ನಾಡು ಅದು. ಆರ್ವೆಲ್ಲನ ‘1984’ (1949), ಕಿಶೋರರಿಗಾಗಿ ಲೋಯಿಸ್ ಲೌರಿ ಬರೆದ ‘ದ ಗಿವರ್’ (1993), ಸುಝಾನ್ ಕಾಲಿನ್ಸ್ ಅವರ ‘ದ ಹಂಗರ್ ಗೇಮ್ಸ್’ (2008) ಇವೆಲ್ಲ ಈ ಜಾತಿಯವು. ಸಾಮಾನ್ಯವಾಗಿ ಇಂಥ ಕಥೆಗಳು ಮುಂದೆಂದೋ ನಡೆಯುತ್ತವೆ. ಹೀಗಾದೀತು, ಎಚ್ಚರ ಎಂಬುದೇ ಅವುಗಳ ದನಿ.

ಅಂಬೆಲಿನ್ ಅವರೂ ಆ ಬಗೆಯ ಕಾದಂಬರಿಯನ್ನು ಬರೆದವರೇ. 2012ರಲ್ಲಿ ಬಂದ ‘ದ ಇಂಟರಾಗೇಶನ್ ಆಫ್ ಆಶಾಲಾ ವುಲ್ಫ್’ ಎಂಬ ಅವರ ಕೃತಿಯಲ್ಲಿ ದೂರ ಭವಿಷ್ಯದ ಸರಕಾರವೊಂದು ವಿಶೇಷ ಶಕ್ತಿಯುಳ್ಳ ಮಕ್ಕಳನ್ನು ಕಾನೂನುಬಾಹಿರರೆಂದು ಸಾರಿ ಹಿಡಿದು ಕೂಡಿಹಾಕುತ್ತದೆ. ಅದನ್ನು ಓದಿದವರಿಗೆ ಆರು ವರ್ಷಗಳ ತರುವಾಯ ಬಂದ ‘ಕ್ಯಾಚಿಂಗ್ ಟೆಲ್ಲರ್ ಕ್ರೋ’ ಒಂದು ತಿರುವಿನಂತೆ ಕಾಣುತ್ತದೆ. ಇಲ್ಲಿ ಭವಿಷ್ಯವಿಲ್ಲ. ಇಂದಿನ ಆಸ್ಟ್ರೇಲಿಯದ ಒಂದು ಸಣ್ಣ ಊರು. ಒಂದು ಬೆಂಕಿ ಅನಾಹುತ. ಅದನ್ನು ತನಿಖೆ ಮಾಡಲು ಬಂದ ಪೊಲೀಸ್ ಅಧಿಕಾರಿ. ಪತ್ತೇದಾರಿ ಕಾದಂಬರಿಯ ಚೌಕಟ್ಟು. ಆದರೆ ಆ ಚೌಕಟ್ಟಿನೊಳಗೆ ಹುಡುಗಿಯೊಬ್ಬಳು ಪದ್ಯದಲ್ಲಿ ವರ್ಣಿಸುವ ಒಂದು ಲೋಕವಿದೆ. ಡಿಸ್ಟೋಪಿಯಾ ಇರುವುದು ಆ ಪದ್ಯಗಳಲ್ಲಿ.

ಕಥೆಯನ್ನು ಸ್ಥೂಲವಾಗಿ ಹೇಳುತ್ತೇನೆ; ಕೊನೆಯನ್ನು ಹೇಳುವುದಿಲ್ಲ, ಏಕೆಂದರೆ ಓದಿಯೇ ತಿಳಿಯಬೇಕಾದ ಪುಸ್ತಕ ಇದು. ಬೆತ್ ಟೆಲ್ಲರ್ ಎಂಬ ಹುಡುಗಿ ಅಪಘಾತದಲ್ಲಿ ಸತ್ತಿದ್ದಾಳೆ. ಕಥೆಯ ಮೊದಲಿಗೇ ಇದು ನಮಗೆ ತಿಳಿಯುತ್ತದೆ, ಏಕೆಂದರೆ ಕಥೆ ಹೇಳುವವಳೇ ಅವಳು. ಅವಳ ತಾಯಿ ಮೂಲನಿವಾಸಿ ಮಹಿಳೆ, ಎಂದೋ ತೀರಿಕೊಂಡವರು. ತಂದೆ ಬಿಳಿಯ ಪೊಲೀಸ್ ಪತ್ತೇದಾರ. ಸತ್ತ ಮಗಳು ಅವನೊಬ್ಬನ ಕಣ್ಣಿಗೆ ಮಾತ್ರ ಕಾಣುತ್ತಾಳೆ, ಅವನೊಂದಿಗೆ ಮಾತಾಡುತ್ತಾಳೆ. ದುಃಖದಲ್ಲಿ ಮುಳುಗಿದ ತಂದೆಯನ್ನು ಮತ್ತೆ ಬದುಕಿಗೆ ಎಳೆತರುವ ಹಂಬಲ ಅವಳದು. ಮಕ್ಕಳ ಆಶ್ರಯಧಾಮವೊಂದು ಸುಟ್ಟುಹೋಗಿ, ಗುರುತು ಸಿಗದ ಶವವೊಂದು ದೊರೆತಿರುವ ಊರಿಗೆ ತಂದೆಯನ್ನು ತನಿಖೆಗೆ ಕಳುಹಿಸಲಾಗಿದೆ. ಅಲ್ಲಿ ಇಸೊಬೆಲ್ ಕ್ಯಾಚಿಂಗ್ ಎಂಬ ಮೂಲನಿವಾಸಿ ಹುಡುಗಿ ಸಾಕ್ಷಿಯಾಗಿ ಸಿಗುತ್ತಾಳೆ. ಅವಳಿಗೂ ಬೆತ್ ಕಾಣಿಸುತ್ತಾಳೆ! ತನಿಖೆ ಮುಂದುವರಿದಂತೆ, ಅದೇ ಊರಿನಲ್ಲಿ ವರ್ಷಗಳ ಹಿಂದೆ ಕಾಣೆಯಾದ ಇನ್ನೊಬ್ಬ ಮೂಲನಿವಾಸಿ ಹುಡುಗಿಯ ಸುದ್ದಿಯೂ, ಆಗ ಅವಳನ್ನು ಯಾರೂ ಮನಸ್ಸಿಟ್ಟು ಹುಡುಕಲಿಲ್ಲವೆಂಬುದೂ ಹೊರಬರುತ್ತವೆ.

ಬೆತ್ ಹೇಳುವ ಭಾಗವೆಲ್ಲ ಗದ್ಯ. ಇಸೊಬೆಲ್ ಹೇಳುವ ಭಾಗವೆಲ್ಲ ಪದ್ಯ. ಪ್ರವಾಹವೊಂದರಲ್ಲಿ ತಾಯಿಯಿಂದ ಅಗಲಿದ ತನ್ನನ್ನು ‘ಎತ್ತೊಯ್ಯುವವರು’ ನೆಲದಡಿಯ ತಾಣವೊಂದಕ್ಕೆ ಸಾಗಿಸಿದರು, ಅಲ್ಲಿ ಮಕ್ಕಳೊಳಗಿನ ಬಣ್ಣಗಳನ್ನು ತಿಂದು ಬದುಕುವ ‘ಉಣ್ಣುವವ’ನೊಬ್ಬನಿದ್ದನು, ಬಣ್ಣ ಕಳೆದುಕೊಂಡ ಮೈ ಬೂದಿಯಾಗುತ್ತ ಹೋಯಿತು, ತನಗಿಂತ ಬಹಳ ಮೊದಲೇ ಅಲ್ಲಿ ಸೆರೆಯಾಗಿ ಪೂರ್ತಿ ಬೂದಿಬಣ್ಣಕ್ಕೆ ತಿರುಗಿದ್ದ ‘ಕ್ರೋ’, ಅಂದರೆ ಕಾಗೆ, ಎಂಬ ಹುಡುಗಿಯ ಗೆಳೆತನವಾಯಿತು. ಇದು ಅವಳ ಹೇಳಿಕೆ. ಪೊಲೀಸ್ ದಾಖಲೆಯ ಯಾವ ಅಂಕಣದಲ್ಲಿ ಇದನ್ನು ಬರೆಯಬೇಕು? ಮೊದಲ ಕೇಳ್ಮೆಗೆ ಇದು ಪೆಟ್ಟು ತಿಂದ ಮಗುವಿನ ಕಲ್ಪನೆಯಂತೆ ಕಾಣುತ್ತದೆ. ಕೇಳುತ್ತ ಕೇಳುತ್ತ ಬೆತ್‌ಗೂ ಅವಳ ತಂದೆಗೂ, ಓದುತ್ತ ಓದುತ್ತ ನಮಗೂ, ಆ ರಾಕ್ಷಸರಿಗೆ ಊರಿನಲ್ಲಿ ಮನುಷ್ಯರ ಮುಖಗಳಿವೆಯೆಂಬುದು ಹೊಳೆಯತೊಡಗುತ್ತದೆ. ಪುಸ್ತಕದ ಹೆಸರಿನ ಮೂರು ಪದಗಳೂ ಮೂವರು ಹುಡುಗಿಯರ ಹೆಸರುಗಳೇ ಎಂಬುದು ಓದುಗರ ಅರಿವಿಗೆ ಬರುವುದೂ ಆಗಲೇ.

ಪದ್ಯವೇ ಏಕೆ?

ಈ ಪ್ರಶ್ನೆಗೆ ಸುಲಭದ ಉತ್ತರವೊಂದಿದೆ: ಗಿಡ್ಡ ಸಾಲುಗಳಾದರೆ ಓದಲು ಹಿಂಜರಿಯುವ ಮಕ್ಕಳೂ ಪುಟ ತಿರುಗಿಸುತ್ತಾರೆ. ಕ್ಯಾರೆನ್ ಹೆಸ್ ಅವರ ‘ಔಟ್ ಆಫ್ ದ ಡಸ್ಟ್’ (1997) ಮೊದಲಾಗಿ ಇಡಿಯಾಗಿ ಪದ್ಯದಲ್ಲೇ ಸಾಗುವ ಕಿಶೋರ ಕಾದಂಬರಿಗಳು ಜನಪ್ರಿಯವಾಗಲು ಇದೂ ಒಂದು ಕಾರಣವಿರಬಹುದು. ಆದರೆ ಅರ್ಧ ಗದ್ಯ, ಅರ್ಧ ಪದ್ಯವಾಗಿರುವ ಕೃತಿಗೆ ಆ ಉತ್ತರ ಸಾಲದು. ಇಬ್ಬರು ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ಪದ್ಯ ಕೊಟ್ಟಿರುವುದೇಕೆ?

ಚಂಪುವಿನೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯಾಗುತ್ತದೆ. ಪಂಪನಲ್ಲಿಯೂ ರನ್ನನಲ್ಲಿಯೂ ಗದ್ಯಪದ್ಯಗಳೆರಡನ್ನೂ ನಡೆಸುವವನು ಕವಿಯೊಬ್ಬನೇ. ಕಥೆಯನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಸಾಗಿಸಬೇಕಾದಾಗ, ಸನ್ನಿವೇಶವನ್ನು ಹಾಸಿಕೊಡಬೇಕಾದಾಗ ಹಲವೆಡೆ ಗದ್ಯ ಬರುತ್ತದೆ. ಭಾವ ಕುದಿಯುವಲ್ಲಿ ಕಂದವೋ ವೃತ್ತವೋ ಏಳುತ್ತದೆ. ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ನಡೆಯುವ ಭಾಗವನ್ನು ಪಾಠ ಮಾಡಿದವರಿಗೆ ಈ ಏರಿಳಿತ ಗೊತ್ತು. ಅಲ್ಲಿ ಗದ್ಯಪದ್ಯಗಳ ಭೇದವು ಭಾವದ ಕಾವಿನ ಭೇದ. ಕ್ವೇಮುಲ್ಲಿನಾ ಅವರ ಕಾದಂಬರಿಯಲ್ಲಿ ಭೇದವು ಬಾಯಿಯದು. ಬೆತ್‌ಗೆ ಕೇಳುವವನಿದ್ದಾನೆ. ಸತ್ತಿದ್ದರೂ ಅವಳ ಮಾತನ್ನು ಪ್ರೀತಿಯಿಂದ ಕೇಳುವ ತಂದೆಯೊಬ್ಬನಿದ್ದಾನೆ. ಅವಳ ವಾಕ್ಯಗಳು ನಿರಾಳವಾಗಿ, ಕೆಲವೊಮ್ಮೆ ತುಂಟತನದಿಂದ ಪೂರ್ಣವಾಗುತ್ತವೆ. ಇಸೊಬೆಲ್ ಬದುಕಿದ್ದಾಳೆ, ಆದರೆ ಅವಳ ಮಾತನ್ನು ಕೇಳಬೇಕಾಗಿದ್ದ ವ್ಯವಸ್ಥೆಯೇ ಅವಳನ್ನು ತಿಂದಿದೆ. ಯಾವ ಭಾಷೆಯಲ್ಲಿ ವರದಿಗಳು, ಆದೇಶಗಳು, ಹಾಜರಿ ಪುಸ್ತಕಗಳು ಬರೆಯಲ್ಪಡುತ್ತವೆಯೋ ಆ ಗದ್ಯದಲ್ಲಿ ಅವಳು ತನ್ನ ಸತ್ಯವನ್ನು ಒಪ್ಪಿಸಲಾರಳು. ಒಪ್ಪಿಸಿದರೆ ಅದು ಅವರ ಸತ್ಯವಾಗಿಬಿಡುತ್ತದೆ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪದ್ಯದ ಸಾಲು ಅರ್ಧದಲ್ಲೇ ಮುರಿದಾಗ ಬಲಬದಿಯಲ್ಲಿ ಉಳಿಯುವ ಬಿಳಿಯ ಜಾಗವು ಖಾಲಿಯಲ್ಲ. ಅದು ಹೇಳದೆ ಬಿಟ್ಟದ್ದು. ಇಸೊಬೆಲ್‌ಗೆ ಆದ ಅನ್ಯಾಯ ಲೈಂಗಿಕ ಹಿಂಸೆ ಎಂಬುದು ಪ್ರಬುದ್ಧ ಓದುಗರಿಗೆ ತಿಳಿಯುತ್ತದೆ. ಆದರೆ ಪುಸ್ತಕವು ಅದನ್ನು ದೃಶ್ಯವಾಗಿ ತೋರಿಸುವುದಿಲ್ಲ. ಬಣ್ಣ, ಬೂದಿ ಎಂಬೆರಡು ಸಂಕೇತಗಳಲ್ಲಿ ಹೇಳಿ ಮುಗಿಸುತ್ತದೆ. ಹಿಂಸೆಗೆ ಒಳಗಾದವಳ ಮಾನವನ್ನು ಓದುಗನ ಕುತೂಹಲದಿಂದ ಕಾಪಾಡುವ ವಿಧಾನವಿದು. ಗದ್ಯದಲ್ಲಿ ಬರೆದಿದ್ದರೆ ವಿವರ ಬೇಡುತ್ತಿತ್ತು. ಪದ್ಯವು ಅವಳಿಗೆ ಬಾಗಿಲೂ ಹೌದು, ಚಿಲಕವೂ ಹೌದು.

ಹಾಗೆಂದು ಇಸೊಬೆಲ್ ದುರ್ಬಲಳೆಂದು ತಿಳಿಯಬಾರದು. ಬೂದಿ ಆವರಿಸುತ್ತ ಬಂದಾಗ ಅವಳು ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ತನ್ನ ವಂಶದ ಹೆಂಗಸರ ಕಥೆಗಳನ್ನು ಒಂದೊಂದಾಗಿ ನೆನೆಯುತ್ತಾಳೆ. ಅವರು ತಮ್ಮ ತಮ್ಮ ಕಾಲದ ಕೇಡಿಗೆ ಹೇಗೆ ಎದುರಾಗಿ ನಿಂತರು ಎಂಬುದನ್ನು ಮನೆಯಲ್ಲಿ ಹೇಳಿ ಉಳಿಸಿದ್ದಾರೆ. ಆ ಕಥೆಗಳೇ ಅವಳ ಬಣ್ಣ. ಬಾಯಿಂದ ಬಾಯಿಗೆ ಬಂದದ್ದು ಪದ್ಯದ ಲಯದಲ್ಲಿ ಬರುವುದು ಸಹಜವೇ ಆಗಿದೆ.

ಕಟ್ಟುಕಥೆಯಲ್ಲದ ಕೆಡುಕು

ಮಕ್ಕಳನ್ನು ಎತ್ತೊಯ್ಯುವವರು ಎಂಬುದು ಆಸ್ಟ್ರೇಲಿಯದ ಮೂಲನಿವಾಸಿಗಳಿಗೆ ಸಂಕೇತ ಮಾತ್ರವಲ್ಲ. ಪಶ್ಚಿಮ ಆಸ್ಟ್ರೇಲಿಯದ 1905ರ ಕಾಯಿದೆಯೊಂದು 16 ವರ್ಷದೊಳಗಿನ ಮೂಲನಿವಾಸಿ ಮಕ್ಕಳಿಗೆ ತಂದೆತಾಯಿಯರ ಬದಲು ‘ಮುಖ್ಯ ರಕ್ಷಕ’ ಎಂಬ ಸರಕಾರಿ ಅಧಿಕಾರಿಯನ್ನೇ ಕಾನೂನುಬದ್ಧ ಪೋಷಕನನ್ನಾಗಿ ಮಾಡಿತು. ಹುದ್ದೆಯ ಹೆಸರನ್ನು ನೋಡಿರಿ: ರಕ್ಷಕ! 1915ರಿಂದ 1936ರವರೆಗೆ ಎ. ಓ. ನೆವಿಲ್ ಎಂಬಾತನು ಆ ಹುದ್ದೆಯಲ್ಲಿದ್ದನು. ಮಿಶ್ರ ಸಂತಾನದ ಮಕ್ಕಳನ್ನು ತಾಯಂದಿರಿಂದ ಕಿತ್ತು ಶಿಬಿರಗಳಿಗೂ ಧರ್ಮಸಂಸ್ಥೆಗಳ ವಸತಿಗಳಿಗೂ ಸೇರಿಸುವುದು ದೇಶದಾದ್ಯಂತ ನಡೆಯಿತು. 1997ರಲ್ಲಿ ಹೊರಬಂದ ‘ಬ್ರಿಂಗಿಂಗ್ ದೆಮ್ ಹೋಮ್’ ಎಂಬ ವಿಚಾರಣಾ ವರದಿಯು 1910ರಿಂದ 1970ರವರೆಗಿನ ಅವಧಿಯಲ್ಲಿ ಪ್ರತಿ ಹತ್ತರಲ್ಲಿ ಒಂದರಿಂದ ಹಿಡಿದು ಮೂರರಲ್ಲಿ ಒಂದು ಮೂಲನಿವಾಸಿ ಮಗುವಿನವರೆಗೆ ಹೀಗೆ ಅಗಲಿಸಲ್ಪಟ್ಟಿರಬಹುದೆಂದು ಅಂದಾಜು ಮಾಡಿತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಭವಿಷ್ಯದ ದುಃಸ್ವಪ್ನವೆಂದು ಬೇರೆಯವರು ಬರೆಯುವುದನ್ನು ಈ ಲೇಖಕರ ಹಿರಿಯರು ಈಗಾಗಲೇ ಬದುಕಿ ಮುಗಿಸಿದ್ದರು. ಅವರ ಡಿಸ್ಟೋಪಿಯಾಕ್ಕೆ ಕಚೇರಿ ಇತ್ತು, ಕಡತವಿತ್ತು, ಮೊಹರೂ ಇತ್ತು.

ಈ ಲೇಖಕರ ತಾಯಿಯ ವಿಷಯವನ್ನು ಇಲ್ಲಿ ಹೇಳದಿರಲಾರೆ. ಅವರು ‘ಮೈ ಪ್ಲೇಸ್’ (1987) ಎಂಬ ಆತ್ಮಕಥನವನ್ನು ಬರೆದ ಸ್ಯಾಲಿ ಮಾರ್ಗನ್. ಪರ್ತ್ ನಗರದಲ್ಲಿ ಬೆಳೆದ ಸ್ಯಾಲಿಗೆ ತಾನು ಮೂಲನಿವಾಸಿ ಎಂಬುದು ಹದಿಹರೆಯದವರೆಗೂ ಗೊತ್ತಿರಲಿಲ್ಲ. ಶಾಲೆಯ ಮಕ್ಕಳು, ‘ನೀವು ಯಾವ ದೇಶದವರು?’ ಎಂದು ಕೇಳಿದಾಗ ಏನು ಹೇಳಬೇಕೆಂದು ಮನೆಯಲ್ಲಿ ವಿಚಾರಿಸಿದರೆ, ತಾಯಿ ಕೊಟ್ಟ ಉತ್ತರ: ಭಾರತದವರೆಂದು ಹೇಳು. ಮಕ್ಕಳನ್ನು ಮತ್ತೆ ಯಾರಾದರೂ ಕಿತ್ತುಕೊಂಡಾರೆಂಬ ಭಯವೇ ಆ ಸುಳ್ಳಿನ ಹಿಂದಿತ್ತು. ನಮ್ಮ ದೇಶದ ಹೆಸರು ಹೀಗೆ ಎಲ್ಲಿಯೋ ಒಂದು ಮನೆಯಲ್ಲಿ ಮರೆಯಾಗಿ ನಿಲ್ಲುವ ಗೋಡೆಯಾಗಿತ್ತೆಂದು ಓದಿದಾಗ ನಾನು ಬಹಳ ಹೊತ್ತು ಪುಸ್ತಕವನ್ನು ಮುಚ್ಚಿ ಕುಳಿತಿದ್ದೆ. ಆ ಪುಸ್ತಕದಲ್ಲಿ ಸ್ಯಾಲಿ ತನ್ನ ಅಜ್ಜಿಯ ಅಣ್ಣ, ತಾಯಿ, ಅಜ್ಜಿ ಈ ಮೂವರ ಬಾಯಿಮಾತುಗಳನ್ನು ಅವರವರ ದನಿಯಲ್ಲೇ ಸೇರಿಸಿದ್ದಾರೆ. ಮಕ್ಕಳ ಕಾದಂಬರಿಯಲ್ಲಿ ಇಸೊಬೆಲ್ ತನ್ನ ಅಜ್ಜಿಯರ ಕಥೆಗಳನ್ನು ಹಿಡಿದು ಮೇಲೇಳುವುದರ ಬೇರು ಇಲ್ಲಿರಬಹುದೆಂದು ನನ್ನ ಎಣಿಕೆ.

ಗಡಿನಾಡ ಕನ್ನಡಿಗರ ಸ್ಥಿತಿಯನ್ನು ಇದಕ್ಕೆ ಹೋಲಿಸುವ ಆಸೆ ಕೆಲವರಿಗೆ ಆಗಬಹುದು. ಹೋಲಿಕೆಯನ್ನು ಎಳೆಯುವುದು ನನಗೆ ಸಮ್ಮತವಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುವ 350ಎ ವಿಧಿ ನಮ್ಮ ಸಂವಿಧಾನದಲ್ಲಿ 1956ರಿಂದ ಇದೆ. ಅದು ಆಚರಣೆಯಲ್ಲಿ ಎಷ್ಟು ಸೊರಗಿದ್ದರೂ ಕೇಳಲು ನಮಗೊಂದು ಆಧಾರವಿದೆ. ಆ ಮಕ್ಕಳಿಗೆ ಅಂಥದೇನೂ ಇರಲಿಲ್ಲ. ಆದರೆ ನಾವು ಕಲಿಯಬಹುದಾದ ಒಂದು ಅಂಶ ಬೇರೆ ಇದೆ. ಮಗು ತನಗೆ ಬಂದ ರೂಪದಲ್ಲಿ ಹೇಳಿದ ಮಾತನ್ನು, ನಮಗೆ ಬೇಕಾದ ರೂಪದಲ್ಲಿಲ್ಲವೆಂಬ ಕಾರಣಕ್ಕೆ ಕೇಳಿಸಿಕೊಳ್ಳದೆ ಹೋಗುವುದು ಪೊಲೀಸ್ ಠಾಣೆಯಲ್ಲಿ ಮಾತ್ರ ನಡೆಯುವುದಿಲ್ಲ.

ನಾಲ್ಕು ಸಾಲು

ಇದು ನನ್ನದೇ ತಪ್ಪಿನ ಕಥೆ. ನಾನು ತರಬೇತಿ ಕೆಲಸಕ್ಕೆ ಬಂದ ಆರಂಭದ ವರ್ಷಗಳಲ್ಲಿ, ಮಳೆಯಾಶ್ರಿತ ಗಡಿಭಾಗದ ಶಾಲೆಯೊಂದಕ್ಕೆ ಭೇಟಿ ಕೊಟ್ಟಿದ್ದೆ. ಎಂಟನೆಯ ತರಗತಿಯ ಪ್ರಬಂಧ ಪುಸ್ತಕಗಳನ್ನು ಶಿಕ್ಷಕರು ಹೇಗೆ ತಿದ್ದಿದ್ದಾರೆಂದು ಪರಿಶೀಲಿಸುವುದು ನನ್ನ ಕೆಲಸ. ವಿಷಯ: ‘ದೀಪಾವಳಿಯ ರಜೆ’. ಉಳಿದವರೆಲ್ಲ ಒಂದೊಂದು ಪುಟ ಬರೆದಿದ್ದರು. ಒಬ್ಬ ಹುಡುಗಿ ಬರೆದದ್ದು ಇಷ್ಟೇ:

ಕೀಲಿ ಅಜ್ಜಿ ಸೆರಗಿನ್ಯಾಗ.
ಕೋಳಿ ಬಾಜೂ ಮನ್ಯಾಗ.
ಗಾಡ್ಯಾಗ ಕೊಯ್ತಾ ಎರಡ ಇರತಿದ್ವು.
ಈ ವರ್ಷ ಮೂರು.

ಶಿಕ್ಷಕರು ಕೆಂಪು ಶಾಯಿಯಲ್ಲಿ ‘ಗ್ರಾಂಥಿಕ ಭಾಷೆಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಬರೆ’ ಎಂದು ಬರೆದು ಹತ್ತಕ್ಕೆ ಎರಡು ಅಂಕ ಹಾಕಿದ್ದರು. ನಾನು ಅದರ ಕೆಳಗೆ ‘ತಿದ್ದುವಿಕೆ ಕ್ರಮಬದ್ಧವಾಗಿದೆ’ ಎಂದು ಬರೆದು ಸಹಿ ಮಾಡಿದೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಆ ಸೀಮೆಯಿಂದ ಕುಟುಂಬಗಳು ಹಂಗಾಮಿಗೆ ಸಕ್ಕರೆ ಕಾರ್ಖಾನೆಗಳ ಕಡೆಗೆ ಟೋಳಿ ಕಟ್ಟಿಕೊಂಡು ಹೋಗುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಎರಡು ಕೊಯ್ತಾ ಎಂದರೆ ಅಪ್ಪನದು, ಅವ್ವನದು. ಮೂರನೆಯದು ಯಾರದೆಂದು ಶಿಕ್ಷಕರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ರಜೆ ಮುಗಿದ ಮೇಲೆ ಮತ್ತೆ ಆ ಶಾಲೆಗೆ ಹೋದಾಗ ಅವಳ ಜಾಗ ಖಾಲಿ ಇತ್ತು. ಆಮೇಲೂ ಅವಳು ಬರಲಿಲ್ಲ. ಆ ವರ್ಷ ಯಾರಾದರೂ ಅಜ್ಜಿಯ ಬಳಿ ಮಾತಾಡಿ, ಅವಳನ್ನು ಊರಿನಲ್ಲೇ ಉಳಿಸಿಕೊಳ್ಳುವ ಏರ್ಪಾಡು ಮಾಡಬಹುದಿತ್ತೇನೋ. ನಾಲ್ಕು ಸಾಲುಗಳಲ್ಲಿ ಅವಳು ಹೇಳಬೇಕಾದುದನ್ನೆಲ್ಲ ಹೇಳಿದ್ದಳು. ನಾವು ಅದರಲ್ಲಿ ಕ್ರಿಯಾಪದವನ್ನು ಹುಡುಕುತ್ತಿದ್ದೆವು.

‘ಕ್ಯಾಚಿಂಗ್ ಟೆಲ್ಲರ್ ಕ್ರೋ’ವನ್ನು ನಾನು ಓದಿದ್ದು ಬಹಳ ವರ್ಷಗಳ ತರುವಾಯ. ಇಸೊಬೆಲ್‌ಳ ಮೊದಲ ಪದ್ಯದ ಪುಟಕ್ಕೆ ಬಂದಾಗ ಆ ಬಿಳಿಯ ಜಾಗವನ್ನು ನಾನು ಮೊದಲು ಎಲ್ಲಿ ನೋಡಿದ್ದೆನೆಂಬುದು ನೆನಪಾಯಿತು.

ತರಗತಿಯಲ್ಲಿ

ಮೊದಲಿಗೆ ಒಂದು ಎಚ್ಚರಿಕೆ. ಈ ಕಾದಂಬರಿಯನ್ನು ಶಿಕ್ಷಕರು ಮೊದಲು ತಾವು ಪೂರ್ತಿಯಾಗಿ ಓದಬೇಕು. ಎಂಟನೆಯ ತರಗತಿಗಿಂತ ಕೆಳಗಿನ ಮಕ್ಕಳಿಗೆ ಇದು ಬೇಡ. ಒಂಬತ್ತು, ಹತ್ತನೆಯ ತರಗತಿಗಳಲ್ಲಿಯೂ ಇಡೀ ಪುಸ್ತಕವನ್ನು ಓದಿಸುವ ಬದಲು ಕಥೆಯನ್ನು ಕನ್ನಡದಲ್ಲಿ ತಾವೇ ಹೇಳಿ, ಪ್ರವಾಹದ ಭಾಗವನ್ನೂ ಅಜ್ಜಿಯರ ಕಥೆಗಳ ಭಾಗವನ್ನೂ ಮಾತ್ರ ಗಟ್ಟಿಯಾಗಿ ಓದಿ ತೋರಿಸುವುದು ಮೇಲು. ಗದ್ಯವನ್ನು ಒಬ್ಬ ವಿದ್ಯಾರ್ಥಿಯೂ ಪದ್ಯವನ್ನು ಇನ್ನೊಬ್ಬರೂ ಓದಲಿ. ಪದ್ಯ ಓದುವವರು ಪ್ರತಿ ಸಾಲಿನ ಕೊನೆಯಲ್ಲಿ ಒಂದು ಉಸಿರಿನಷ್ಟು ನಿಲ್ಲಬೇಕು. ಈ ಒಂದು ನಿಯಮವನ್ನು ಪಾಲಿಸಿದರೆ ಮುಕ್ತಛಂದದ ಬಗ್ಗೆ ಅರ್ಧ ಗಂಟೆ ವ್ಯಾಖ್ಯಾನ ಮಾಡುವುದು ಉಳಿಯುತ್ತದೆ. ಪ್ರಸ್ತಾರ ಹಾಕುವ ಅಭ್ಯಾಸವನ್ನು ಆ ದಿನ ಬದಿಗಿಡಿರಿ. ಇಲ್ಲಿ ಗಣಗಳಿಲ್ಲ, ಉಸಿರಿದೆ.

ಆಮೇಲೆ ಬರವಣಿಗೆ. ಒಂದೇ ಘಟನೆಯನ್ನು ಎರಡು ಬಾಯಿಗಳಿಂದ ಹೇಳಿಸಬೇಕು: ನೋಡಿದವನು ಗದ್ಯದಲ್ಲಿ, ಅನುಭವಿಸಿದವನು ಗಿಡ್ಡ ಸಾಲುಗಳಲ್ಲಿ. ಘಟನೆ ದೊಡ್ಡದಾಗಿರಬೇಕಿಲ್ಲ. ಕೊನೆಯ ಬಸ್ಸು ತಪ್ಪಿದ್ದು, ಬಾವಿ ಬತ್ತಿದ್ದು, ಬೇರೆ ಮಾಧ್ಯಮದ ಶಾಲೆಗೆ ತಂಗಿಯನ್ನು ಸೇರಿಸಿದ್ದು, ಯಾವುದಾದರೂ ಆದೀತು. ತರಬೇತಿ ಶಿಬಿರಗಳಲ್ಲಿ ನಾನು ಬಳಸುವ ಮಾದರಿಯೊಂದನ್ನು ಕೊಡುತ್ತೇನೆ. ಘಟನೆ: ಜನಗಣತಿಯವರು ಮನೆಗೆ ಬಂದದ್ದು.

ಗದ್ಯ: ಬೆಳಿಗ್ಗೆ ಗಣತಿಯವರು ಬಂದರು. ಮನೆಯಲ್ಲಿ ಎಷ್ಟು ಜನ, ಯಾರು ಏನು ಓದಿದ್ದಾರೆ, ಮಾತೃಭಾಷೆ ಯಾವುದು ಎಂದು ಕೇಳಿ ಬರೆದುಕೊಂಡು ಹೋದರು.

ಪದ್ಯ:
ತಾತ ಒಂದು ಹೆಸರು ಹೇಳಿದ.
ಅಪ್ಪ ಇನ್ನೊಂದು.
ಪೆನ್ನು ಗಾಳಿಯಲ್ಲೇ ನಿಂತಿತು.
ನಾನು ಒಳಗೆ ಹೋಗಿ
ನೀರು ತಂದೆ.

ಎರಡನ್ನೂ ಓದಿದ ಮೇಲೆ ಕೇಳಬೇಕಾದ ಪ್ರಶ್ನೆ, ‘ಕವಿಯ ಆಶಯವೇನು?’ ಎಂಬುದಲ್ಲ. ‘ಗದ್ಯದಲ್ಲಿ ಇಲ್ಲದೆ ಪದ್ಯದಲ್ಲಿ ಇರುವುದೇನು? ಪದ್ಯದಲ್ಲಿಯೂ ಹೇಳದೆ ಬಿಟ್ಟದ್ದೇನು?’ ಎಂಬ ಎರಡೇ ಪ್ರಶ್ನೆಗಳು ಸಾಕು. ಮಗು ನೀರು ತರಲು ಏಕೆ ಒಳಗೆ ಹೋಯಿತು ಎಂಬುದನ್ನು ಮಕ್ಕಳು ನಮಗಿಂತ ಬೇಗ ಕಂಡುಹಿಡಿಯುತ್ತಾರೆ.

ಪದ್ಯಭಾಗದಲ್ಲಿ ಮನೆಮಾತು ಬಂದರೆ ಬರಲಿ. ತೆಲುಗೋ ಮರಾಠಿಯೋ ತಮಿಳೋ ಮಲಯಾಳವೋ ಬೆರೆತರೂ ಬೆರೆಯಲಿ. ಗ್ರಾಂಥಿಕ ಕನ್ನಡವನ್ನು ಕಲಿಸಲು ಗದ್ಯಭಾಗವಿದೆ. ಅಲ್ಲಿ ವಿಭಕ್ತಿ, ಲಿಂಗ, ವಚನಗಳನ್ನು ಕಟ್ಟುನಿಟ್ಟಾಗಿ ತಿದ್ದಿರಿ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದೆಂಬುದಷ್ಟೇ ನನ್ನ ಕೋರಿಕೆ. ಬರೆದುದನ್ನು ತರಗತಿಯ ಮುಂದೆ ಓದುವುದು ಮಗುವಿನ ಇಚ್ಛೆಗೆ ಬಿಟ್ಟದ್ದು. ಓದಲಾರೆನೆಂದವರನ್ನು ಒತ್ತಾಯಿಸಬಾರದು, ಅವರ ಪುಸ್ತಕವನ್ನು ಶಿಕ್ಷಕರೂ ಎತ್ತಿ ಓದಬಾರದು.

ಇಂಥ ಬರವಣಿಗೆಯಲ್ಲಿ ಒಮ್ಮೊಮ್ಮೆ ನಾವು ನಿರೀಕ್ಷಿಸದ ಸಂಗತಿಗಳು ಹೊರಬರುತ್ತವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವ ಸುಳಿವು ಸಿಕ್ಕರೆ ಅದನ್ನು ಸಾಹಿತ್ಯವೆಂದು ಮೆಚ್ಚಿ ಕೂರುವಂತಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಸೆಕ್ಷನ್ ಪ್ರಕಾರ ಪೊಲೀಸರಿಗೋ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೋ ತಿಳಿಸುವುದು ನಮ್ಮ ಕರ್ತವ್ಯ. ತಿಳಿಸದಿರುವುದು 21ನೆಯ ಸೆಕ್ಷನ್ನಿನಡಿ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098 ಎಲ್ಲ ರಾಜ್ಯಗಳಲ್ಲಿಯೂ ಒಂದೇ. ಮಗುವನ್ನು ನಾವೇ ಕೂರಿಸಿ ವಿಚಾರಣೆ ನಡೆಸಬಾರದು, ಸಹೋದ್ಯೋಗಿಗಳ ನಡುವೆ ಹೆಸರು ಆಡಬಾರದು, ಬರೆದ ಪುಟವನ್ನು ತಿದ್ದದೆ ಹಾಗೆಯೇ ಕಾಪಾಡಬೇಕು.

ಉಳಿದ ಸಂದರ್ಭಗಳಲ್ಲಿ, ಪದ್ಯಭಾಗಕ್ಕೆ ಅಂಕ ಕೊಡಲೇಬೇಕೆಂಬ ನಿಯಮವಿದ್ದರೆ ಬರೆದ ಎಲ್ಲರಿಗೂ ಸಮನಾಗಿ ಕೊಟ್ಟುಬಿಡಿರಿ. ಕೆಂಪು ಶಾಯಿಯನ್ನು ಬಳಸಬೇಡಿರಿ. ಅರ್ಥವಾಗದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದೇ ಒಂದು ಪ್ರಶ್ನೆ ಬರೆದು, ಆ ದಿನವೇ ಪುಸ್ತಕವನ್ನು ಮಗುವಿನ ಕೈಗೆ ಹಿಂದಿರುಗಿಸಿ, ಉತ್ತರಕ್ಕೆ ಕಾಯಿರಿ. ಪ್ರಶ್ನೆ ಚಿಕ್ಕದಿರಲಿ. ‘ಮೂರನೆಯ ಕೊಯ್ತಾ ಯಾರದು?’ ಎಂಬಷ್ಟು.